ಏಳು ಗಂಟೆಗೆ ಬರುವವನು

ಬಲಗಾಲಿನ ಬೂಟು ಹೂವಿನ ಪಾತಿಯ ಕೆಸರಿನಲ್ಲಿ ಪಚಕ್ಕನೆ ಇಳಿಯಿತು. ಇಸ್ತ್ರಿ ಅದನ್ನು ಮೇಲೆತ್ತಿ, ತಳ ತಿರುಗಿಸಿ ನೋಡಿದ. ಕೆಸರು ಸಾಲದು ಅನ್ನಿಸಿ ಇನ್ನೊಮ್ಮೆ ಅದ್ದಿದ. ಎಡಗಾಲಿನದಕ್ಕೂ ಅದೇ ಉಪಚಾರವಾಯಿತು. ಆಮೇಲೆ, ತನ್ನ ಪಾದಕ್ಕಿಂತ ಎರಡು ಬೆರಳು ಉದ್ದವಿದ್ದ ಆ ಬೂಟುಗಳೊಳಗೆ ಕಾಲು ತೂರಿಸಿ, ಮದುವೆ ಗಂಡಿನಷ್ಟು ಗಂಭೀರವಾಗಿ ಮುಂಬಾಗಿಲಿನಿಂದ ಸೋಫಾದವರೆಗೆ ನಡೆದ. ಒಟ್ಟು ಹದಿನಾಲ್ಕು ಹೆಜ್ಜೆ. ಬಿಳಿಯ ನೆಲದ ಮೇಲೆ ಹದಿನಾಲ್ಕೂ ಮುದ್ರೆ ಒತ್ತಿದ ಹಾಗೆ ಮೂಡಿದ್ದವು.

ಸೋಫಾದ ಮೇಲೆ ಕೂತು ತನ್ನ ಕೈಕೆಲಸವನ್ನು, ಅಂದರೆ ಕಾಲ್ಕೆಲಸವನ್ನು, ಮೆಚ್ಚಿಕೊಳ್ಳುತ್ತಿರುವಾಗಲೇ ಅದರಲ್ಲೊಂದು ದೋಷ ಕಂಡಿತು. ಹದಿನಾಲ್ಕು ಹೆಜ್ಜೆ ಒಳಗೆ ಬಂದಿದ್ದವು. ಒಂದೂ ಹೊರಗೆ ಹೋಗಿರಲಿಲ್ಲ. ಯಾರೋ ಒಬ್ಬ ಬಂದು, ಸೋಫಾದ ಮೇಲೆ ಕೂತು, ಕರ್ಪೂರದ ಹಾಗೆ ಕರಗಿಹೋದಂತಿತ್ತು.

ಗೇಟು ಕಿರುಗುಟ್ಟಿತು. ಯಜಮಾನರೂ ಅಮ್ಮಾವ್ರೂ ಬೆಳಗಿನ ನಡಿಗೆ ಮುಗಿಸಿ ಬರುತ್ತಿದ್ದರು. ಇಸ್ತ್ರಿ ಬೂಟು ಕಳಚಿ ಕಿಟಕಿಯಿಂದ ಹೂವಿನ ಪಾತಿಗೆ ಎಸೆದ. ಗೋಡೆಯಂಚಿನಲ್ಲಿ ಬೆಕ್ಕಿನಂತೆ ಹೆಜ್ಜೆಯಿಟ್ಟು ಹಿಂಬಾಗಿಲಿನಿಂದ ಹೊರಬಿದ್ದ. ಮನೆ ಸುತ್ತಿ ಮುಂದೆ ಬಂದು, ಆಗ ತಾನೇ ಕೆಲಸಕ್ಕೆ ಬಂದವನ ಮುಖ ಹಾಕಿಕೊಂಡು ನಿಂತ.

ಇಸ್ತ್ರಿ ಈ ಮನೆಗೆ ಕೆಲಸಕ್ಕೆ ಸೇರಿ ಆವತ್ತಿಗೆ ಒಂದು ತಿಂಗಳು. ಮೊದಲು ಹದಿನಾಲ್ಕು ವರ್ಷ ಒಂದು ಲಾಡ್ಜಿನಲ್ಲಿ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ. ಹಾಸಿಗೆಯ ಚಾದರವನ್ನು ಅವನು ಎಳೆದು ಕಟ್ಟಿದರೆ ಇಸ್ತ್ರಿ ಪೆಟ್ಟಿಗೆಗೇ ನಾಚಿಕೆಯಾಗುತ್ತಿತ್ತು. ಹೆಸರು ಬಂದದ್ದು ಅಲ್ಲಿಂದ. ರಸ್ತೆ ಅಗಲ ಮಾಡುವವರು ಲಾಡ್ಜನ್ನು ಕೆಡವಿದರು. ಹೆಸರು ಉಳಿಯಿತು, ಕೆಲಸ ಉಳಿಯಲಿಲ್ಲ. ಸಂಸಾರ ಹೆಂಡತಿಯ ಅಣ್ಣನ ಮನೆಯ ಒಂದೂವರೆ ಕೋಣೆಗೆ ಬಂದು ಬಿತ್ತು.

ಅಲ್ಲಿ ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಇಸ್ತ್ರಿಯ ಹೆಂಡತಿ ಬೈಯುವವಳಲ್ಲ, ನೋಡುವವಳು. ಕಪಾಟಿನ ಮೇಲೆ ಒಂದು ಬೆರಳು ಎಳೆಯುತ್ತಾಳೆ, ಆ ಬೆರಳನ್ನು ನೋಡುತ್ತಾಳೆ, ಆಮೇಲೆ ನಿಮ್ಮನ್ನು ನೋಡುತ್ತಾಳೆ. ಅಷ್ಟೇ. ಇಸ್ತ್ರಿಗೆ ಹನ್ನೊಂದು ವರ್ಷಗಳಿಂದ ಅಭ್ಯಾಸವಾಗಿತ್ತು. ಲಾಡ್ಜಿನಲ್ಲಿ ಇಸ್ತ್ರಿಯಾದವನು ಮನೆಗೆ ಬಂದರೆ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು, ಆ ನೋಟಕ್ಕೆ ಬೆನ್ನು ಕೊಟ್ಟು ಮಲಗುತ್ತಿದ್ದ. ಆದರೆ ಅಣ್ಣನ ಹೆಂಡತಿ ಹೊಸಬಳು. ನಾದಿನಿ ನೋಡಿದಳೆಂದು ಒಂದೇ ಲೋಟವನ್ನು ಮೂರು ಸಲ ತೊಳೆದು, ನಾಲ್ಕನೆಯ ಸಲಕ್ಕೆ ಅಳತೊಡಗಿದ್ದಳು. ಅಣ್ಣ ಇಸ್ತ್ರಿಯನ್ನು ಪಕ್ಕಕ್ಕೆ ಕರೆದು, ತಿಂಗಳ ಕೊನೆಯ ದಿನ ಸಾಯಂಕಾಲ ಸಾಮಾನೆಲ್ಲ ಕೈಗಾಡಿಯಲ್ಲಿ ಹೇರಿ ತಾನೇ ತಂದು ಬಿಡುವುದಾಗಿಯೂ, ಎಲ್ಲಿಗೆ ಎಂಬುದನ್ನು ಇಸ್ತ್ರಿ ಅಷ್ಟರೊಳಗೆ ಹೇಳಿದರೆ ಸಾಕೆಂದೂ ತಿಳಿಸಿದ್ದ.

ಎಲ್ಲಿಗೆ ಎಂಬುದು ಇಸ್ತ್ರಿಗೆ ಗೊತ್ತಿತ್ತು. ಯಜಮಾನರ ಮನೆಯ ಹಿಂಬದಿಯಲ್ಲಿ, ಉದ್ದ ಪಡಸಾಲೆಯ ತುದಿಗೆ, ಒಂದು ಕೋಣೆ. ಎರಡು ಕಿಟಕಿ, ಪ್ರತ್ಯೇಕ ನಲ್ಲಿ, ಹಿತ್ತಿಲಿಗೆ ತೆರೆಯುವ ಸ್ವಂತ ಬಾಗಿಲು. ತಿಂಗಳು ಮುಗಿದ ಸಾಯಂಕಾಲ, ಕೆಲಸ ಖಾಯಂ ಆದರೆ, ಅದರ ಕೀಲಿಕೈ ಅವನದು. ಅಲ್ಲಿಯವರೆಗೆ ಆ ಬಾಗಿಲಿಗೂ ಪಡಸಾಲೆ ಕಡೆಯ ಬಾಗಿಲಿಗೂ ತೆಂಗಿನಕಾಯಿ ಗಾತ್ರದ ಬೀಗ. ಯಜಮಾನರಿಗೆ ಬೀಗದ ಕಾರ್ಖಾನೆಗಳು ಮೂರಿದ್ದವು.

ತೊಂದರೆ ಇಷ್ಟೇ: ಆ ಮನೆಯಲ್ಲಿ ಕೆಲಸವಿರಲಿಲ್ಲ.

ಮೊದಲ ದಿನ ಏಳು ಗಂಟೆಗೆ ಬಂದು ನೋಡಿದಾಗ ಹಜಾರ ಗುಡಿಸಿ ಒರೆಸಿತ್ತು, ಪಾತ್ರೆ ತೊಳೆದು ಕವುಚಿತ್ತು, ಹಾಸಿಗೆ ಮಡಚಿತ್ತು. ಇಸ್ತ್ರಿ ಬಾಗಿಲಲ್ಲಿ ನಿಂತು ಸುತ್ತ ಕಣ್ಣಾಡಿಸಿದ. ಎಲ್ಲಾದರೂ ಒಂದು ಕೂದಲೆಳೆ, ಒಂದು ಬ್ರೆಡ್ಡಿನ ಚೂರು ಬಿದ್ದಿದ್ದರೆ ಅದರ ಮೇಲೆ ಹಾರಿಬೀಳಬೇಕೆಂದು. ಯಜಮಾನರೂ ಅಮ್ಮಾವ್ರೂ ಇನ್‌ಸ್ಪೆಕ್ಟರ ಮುಂದೆ ನಿಂತ ಶಾಲೆಯ ಮಕ್ಕಳ ಹಾಗೆ ಪಕ್ಕಪಕ್ಕದಲ್ಲಿ ನಿಂತಿದ್ದರು. “ಎಲ್ಲಾ ಸರಿಯಿದೆಯೇನಪ್ಪ?” ಎಂದು ಅಮ್ಮಾವ್ರು ಕೇಳಿದರು. ಇದೆ ಅಂದ. ಇಬ್ಬರೂ ಉಸಿರು ಬಿಟ್ಟರು. ಎರಡನೆಯ ದಿನವೂ ಹೀಗೇ. ಮೂವತ್ತನೆಯ ದಿನವೂ.

ಎದುರುಮನೆಯ ಡ್ರೈವರು ಐದು ಗಂಟೆಗೇ ಎದ್ದು ಕಾರು ತೊಳೆಯುವವನು. ಗುಟ್ಟು ರಟ್ಟು ಮಾಡಿದವನು ಅವನೇ. ಐದಕ್ಕೆ ಸರಿಯಾಗಿ ಈ ಮನೆಯ ದೀಪ ಹತ್ತುತ್ತದೆ. ಬೀಗದ ಕಾರ್ಖಾನೆಗಳ ಒಡೆಯರು ಪೈಜಾಮ ಮಡಚಿಕೊಂಡು ನೆಲ ಒರೆಸುತ್ತಾರೆ. ಅಮ್ಮಾವ್ರು ಪಾತ್ರೆ ತಿಕ್ಕುತ್ತಾರೆ. ಆರಕ್ಕೆ ಏನೂ ಆಗಿಲ್ಲವೆಂಬಂತೆ ನಡಿಗೆಗೆ ಹೊರಡುತ್ತಾರೆ.

ಇದರ ಮೇಲೆ ನಿನ್ನೆ ಕಾಂಪೌಂಡು ಗೋಡೆಯ ಬಳಿ ಒಂದು ಸಭೆಯೇ ನಡೆದಿತ್ತು. ಸಿರಿವಂತರಿಗೆ ಆಳುಗಳು ಬೇಕೇ, ಬೇಡವೇ ಎಂಬುದು ಅಲ್ಲಿಯ ಪ್ರಶ್ನೆ. ಬೇಕು ಎಂದು ಪಕ್ಕದ ಮನೆಯ ಅಡುಗೆಯಕ್ಕ ವಾದಿಸಿದಳು. ಅವಳ ಅಮ್ಮಾವ್ರಿಗೆ ಅಡುಗೆ ಅವಳಿಗಿಂತ ಚೆನ್ನಾಗಿ ಬರುತ್ತದಂತೆ. ಆದರೆ ತನ್ನ ಕೈಯಡುಗೆಗೆ ತಾನೇ ಉಪ್ಪು ಜಾಸ್ತಿ ಅಂತ ಮುಖ ಸಿಂಡರಿಸಲು ಆಗುತ್ತದೆಯೇ? ಅದಕ್ಕೊಬ್ಬಳು ಬೇಕು. ಡ್ರೈವರೂ ಒಪ್ಪಿದ. ಅವನ ಧಣಿ ಸ್ವತಃ ಕಾರು ಓಡಿಸಬಲ್ಲರು. ಆದರೆ ದಾರಿ ತಪ್ಪಿದಾಗ ಪಕ್ಕದಲ್ಲಿ ಹೆಂಡತಿ ಇರುತ್ತಾಳಲ್ಲ, ತಪ್ಪು ಹೊರಲು ಮೂರನೆಯ ತಲೆಯೊಂದು ಬೇಕು.

“ಆದ್ರೆ ನಿಮ್ಮೋರು ಬೇರೆ ಜಾತಿ ಜನ ಕಣಯ್ಯ,” ಅಂದ ಡ್ರೈವರು ಇಸ್ತ್ರಿಗೆ. “ಬೈಯಲ್ಲ, ಮುಖ ಸಿಂಡರಿಸಲ್ಲ, ಕೆಲ್ಸಾನೂ ಬಿಟ್ಟುಕೊಡಲ್ಲ. ನಿನ್ನನ್ನ ಯಾಕೆ ಇಟ್ಕೋತಾರೆ? ನಾಳೆ ಸಾಯಂಕಾಲ ಕೈಗೊಂದು ನಮಸ್ಕಾರ ಕೊಟ್ಟು ಕಳಿಸ್ತಾರೆ ನೋಡು.”

“ಕೆಲಸ ಇಲ್ದಿದ್ರೆ ಹುಟ್ಟಿಸ್ಬೇಕಪ್ಪ,” ಅಂದಳು ಅಡುಗೆಯಕ್ಕ. “ಮನೆ ಗಲೀಜಾದ್ರೆ ತಾನೇ ನಿನ್ನ ಬೆಲೆ ಗೊತ್ತಾಗೋದು?”

ಹೀಗೆ ಹುಟ್ಟಿದ ಕೆಲಸವೇ ಆ ಹದಿನಾಲ್ಕು ಹೆಜ್ಜೆ.

ಅಮ್ಮಾವ್ರು ಬಾಗಿಲಲ್ಲೇ ನಿಂತುಬಿಟ್ಟರು. ಹೆಜ್ಜೆಗಳನ್ನು ನೋಡಿದರು, ಸೋಫಾವನ್ನು ನೋಡಿದರು, ಬಗ್ಗಿ ಸೋಫಾದ ಕೆಳಗೂ ನೋಡಿದರು. ಯಜಮಾನರು ಹೂವಿನ ಪಾತಿಯಲ್ಲಿ ಅಂಗಾತ ಬಿದ್ದಿದ್ದ ತಮ್ಮ ಬೂಟುಗಳನ್ನು ತಂದು ಒಂದು ಹೆಜ್ಜೆಯ ಮೇಲಿಟ್ಟರು. ಅಳತೆ ಸರಿಹೋಯಿತು. ಅವರ ಮುಖ ಬಾಡಿತು.

“ನಾನೇ ಕಣೇ,” ಅಂದರು ಮೆಲ್ಲಗೆ. “ನಂಗೊತ್ತಿಲ್ದೇನೇ ನಡೆದಿದ್ದೀನಿ. ನಮ್ಮಪ್ಪನಿಗೂ ಕೊನೆಗಾಲದಲ್ಲಿ ಹೀಗೇ ಆಗ್ತಿತ್ತು.”

“ಯಜಮಾನ್ರೆ, ಬಿಡಿ, ನಾನು ಒರೆಸ್ತೀನಿ,” ಎಂದು ಇಸ್ತ್ರಿ ಒರೆಸುವ ಕೋಲಿಗೆ ಕೈ ಹಾಕುವಷ್ಟರಲ್ಲಿ ಯಜಮಾನರು ಅದನ್ನು ಹಿಡಿದಾಗಿತ್ತು. ಇಸ್ತ್ರಿ ಒಂದು ತುದಿಯಿಂದ ಎಳೆದ. ಅವರು ಇನ್ನೊಂದು ತುದಿಯಿಂದ ಎಳೆದರು. ಮೂರು ಕಾರ್ಖಾನೆ ನಡೆಸಿದ ಕೈ, ಗೆದ್ದಿತು. ತಪ್ಪು ತಮ್ಮದೆಂದೂ, ಬೇರೆಯವರಿಂದ ತೊಳೆಸಿ ಪಾಪ ಕಟ್ಟಿಕೊಳ್ಳುವುದಿಲ್ಲವೆಂದೂ ಹೇಳುತ್ತ ಅವರು ಹದಿನಾಲ್ಕು ಹೆಜ್ಜೆಗಳನ್ನೂ ಒರೆಸಿದರು. ಒರೆಸುತ್ತ ಒರೆಸುತ್ತ ಮುಖ ಅರಳಿತು. ಕೊನೆಯ ನಾಲ್ಕು ಹೆಜ್ಜೆಗೆ ಶಿಳ್ಳೆಯನ್ನೂ ಹಾಕಿದರು. ಇಸ್ತ್ರಿ ಪಕ್ಕದಲ್ಲಿ ಬಕೆಟು ಹಿಡಿದು, ಶ್ರಾದ್ಧಕ್ಕೆ ಬಂದ ದೂರದ ನೆಂಟನ ಹಾಗೆ ನಿಂತಿದ್ದ.

ಹತ್ತು ಗಂಟೆಗೆ ಅಡುಗೆಯಕ್ಕ ಗೋಡೆಯಾಚೆಯಿಂದ ಒಂದು ಪಾತ್ರೆ ದಾಟಿಸಿದಳು. ಹಿಂದಿನ ದಿನ ಆ ಮನೆಗೆ ಇಪ್ಪತ್ತು ಜನ ಅತಿಥಿಗಳು ಬಂದಿದ್ದರು. ಹಾಲು ತಳ ಹಿಡಿದು ಪಾತ್ರೆಯೊಳಗೆ ಕಲ್ಲಿದ್ದಲ ಗಣಿಯೇ ಆಗಿತ್ತು. ನೆಲ ಹೋಗಲಿ, ಇಂಥ ಪಾತ್ರೆಗೆ ಯಾವ ಸಿರಿವಂತಳೂ ಕೈ ಹಾಕುವುದಿಲ್ಲ ಎಂದು ಅವಳು ಭರವಸೆ ಕೊಟ್ಟಳು. ಒಂದು ಕಲ್ಲಿಗೆ ಎರಡು ಹಕ್ಕಿ: ಇಸ್ತ್ರಿಗೆ ಕೆಲಸವೂ ಆಯಿತು, ತನ್ನ ಪಾತ್ರೆಯೂ ಬೆಳಗಿತು. ಎರಡನೆಯ ಹಕ್ಕಿಯ ವಿಷಯ ಮಾತ್ರ ಅವಳು ಬಾಯಿ ಬಿಟ್ಟು ಹೇಳಲಿಲ್ಲ.

ಇಸ್ತ್ರಿ ಪಾತ್ರೆಯನ್ನು ಸಿಂಕಿನಲ್ಲಿಟ್ಟು, ನಾರು ಹುಡುಕಲು ಹಿತ್ತಿಲಿಗೆ ಹೋಗಿ ಬರುವುದರೊಳಗೆ ಅಮ್ಮಾವ್ರು ಮೊಣಕೈವರೆಗೆ ತೋಳು ಮಡಚಿ ಅದರೊಳಗೆ ಇಳಿದಿದ್ದರು.

“ಈ ಪಾತ್ರೆ ನಮ್ಮನೇಲಿ ಇದ್ದಿದ್ದೇ ನೆನಪಿಲ್ಲ ನೋಡಪ್ಪ,” ಅಂದರು, ತಲೆಯೆತ್ತದೆ. “ಯಾವಾಗ ಹಾಲು ಇಟ್ಟೆನೋ, ಯಾವಾಗ ಸೀದಿತೋ. ಅವರು ನಿದ್ದೇಲಿ ನಡೀತಾರೆ, ನಾನು ನಿದ್ದೇಲಿ ಹಾಲು ಕಾಯಿಸ್ತೀನಿ ಅಂತ ಕಾಣತ್ತೆ.”

ಒಂದು ಗಂಟೆ ಹೊತ್ತು ತಿಕ್ಕಿದರು. ಪಾತ್ರೆ ಕನ್ನಡಿಯಾಯಿತು. ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಕೂದಲು ಸರಿಪಡಿಸಿಕೊಂಡು, ಅದನ್ನು ಎಲ್ಲಕ್ಕಿಂತ ಮೇಲಿನ ಕಪಾಟಿನಲ್ಲಿ ಇಟ್ಟುಬಿಟ್ಟರು.

ಮಧ್ಯಾಹ್ನ ಮೂರರ ಹೊತ್ತಿಗೆ ಡ್ರೈವರು ಗೇಟಿನ ಬಳಿ ಕಾಯುತ್ತಿದ್ದ. ಅವನ ಪ್ರಕಾರ ಕೆಸರು, ಮಸಿ ಇವೆಲ್ಲ ಚಿಲ್ಲರೆ ಗಲೀಜು; ಚಿಲ್ಲರೆ ಗಲೀಜನ್ನು ಯಾರಾದರೂ ತೊಳೆದಾರು. ದೊಡ್ಡವರು ಹೆದರುವುದು ಒಂದಕ್ಕೇ: ಬಚ್ಚಲಿನ ನೀರು ಕಟ್ಟಿಕೊಳ್ಳುವುದಕ್ಕೆ. ಸಣ್ಣ ಬಟ್ಟೆಯೊಂದನ್ನು ತೂಬಿಗೆ ತುರುಕಿ, ನಲ್ಲಿ ಒಂಚೂರು ತೆರೆದಿಟ್ಟು, ಅಂಗುಲ ನೀರು ನಿಂತಾಗ ಕೂಗು ಹಾಕಬೇಕು. ಎಲ್ಲರೂ ಮೂಗು ಮುಚ್ಚಿಕೊಂಡು ನಿಂತಿರುವಾಗ ಇಸ್ತ್ರಿ ಒಳನುಗ್ಗಿ ಬಟ್ಟೆ ಎಳೆದು ಬಿಸಾಡಿದನೋ, ಆ ಮನೆಯಲ್ಲಿ ಅವನ ಬೇರು ಊರಿದಂತೆ.

ಉಪಾಯ ಚೆನ್ನಾಗಿತ್ತು. ಇಸ್ತ್ರಿ ಬಟ್ಟೆ ತುರುಕಿದ, ನಲ್ಲಿ ತೆರೆದ, ಬಚ್ಚಲಿನ ಹೊರಗೆ ನಿಂತು ಎಣಿಸತೊಡಗಿದ. ನೂರರವರೆಗೆ ಎಣಿಸಿದ್ದನೋ ಇಲ್ಲವೋ, ಹಿತ್ತಿಲ ಗೋಡೆಯ ಮೇಲೆ ಅಡುಗೆಯಕ್ಕನ ತಲೆ ಮೂಡಿತು. ಮುಖ ಬಿಳುಚಿಕೊಂಡಿತ್ತು.

“ನನ್ ಪಾತ್ರೆ ಎಲ್ಲೋ?” ಅಂದಳು. “ನಮ್ಮ ಅಮ್ಮಾವ್ರು ಕೇಳ್ತಿದ್ದಾರೆ. ನಾನೇ ಮಾರ್ಕೊಂಡೆ ಅನ್ನೋ ಹಾಗೆ ನೋಡ್ತಿದ್ದಾರೆ. ಈಗಿಂದೀಗ ತಂದುಕೊಡು, ಇಲ್ದಿದ್ರೆ ನೀನು ಕದ್ದೆ ಅಂತಾನೇ ಹೇಳೋದು ನಾನು.”

ಇಸ್ತ್ರಿ ಅಡುಗೆಮನೆಗೆ ಓಡಿದ. ಸ್ಟೂಲು ಹತ್ತಿ, ಅದರ ಮೇಲೆ ಡಬ್ಬವಿಟ್ಟು, ಡಬ್ಬದ ಮೇಲೆ ತುದಿಗಾಲಲ್ಲಿ ನಿಂತು, ಪಾತ್ರೆಯ ಕಿವಿ ಹಿಡಿದು ಎಳೆದ. ಪಾತ್ರೆ ಬಂತು. ಡಬ್ಬ ಹೋಯಿತು. ಪಾತ್ರೆಯನ್ನು ಮಗುವಿನಂತೆ ಎದೆಗವಚಿಕೊಂಡು ಅವನು ನೆಲದ ಮೇಲೆ ಕೂತಿದ್ದಾಗ ಅಮ್ಮಾವ್ರು ಒಳಗೆ ಬಂದರು.

ಅಮ್ಮಾವ್ರ ಮುಖದಲ್ಲಿ ಸಿಟ್ಟಿರಲಿಲ್ಲ; ಅದೇ ಕಷ್ಟ. ಹೊಸ ಸಂಸಾರ ಹೂಡುವವನಿಗೆ ದೊಡ್ಡ ಪಾತ್ರೆ ಬೇಕೇ ಬೇಕೆಂದೂ, ಕೇಳಲು ಅಷ್ಟೇಕೆ ಸಂಕೋಚವೆಂದೂ, ಸಂತೋಷವಾಗಿ ತೆಗೆದುಕೊಂಡು ಹೋಗಬೇಕೆಂದೂ ಹೇಳಿ, ಮುಚ್ಚಲು ಒಂದು ತಟ್ಟೆಯನ್ನೂ ಕೊಟ್ಟರು. ಅವನು ಪಾತ್ರೆಯನ್ನು ಗೋಡೆಯಾಚೆ ದಾಟಿಸಿದ. ಗಾಬರಿಯಲ್ಲಿ ತಟ್ಟೆಯನ್ನೂ ದಾಟಿಸಿದ. ಅಡುಗೆಯಕ್ಕ ಬೇಡ ಅನ್ನಲಿಲ್ಲ.

ಆಗ ಅವನಿಗೆ ನೀರಿನ ಸದ್ದು ಕೇಳಿಸಿತು.

ಬಚ್ಚಲು ತುಂಬಿ, ಹೊಸ್ತಿಲು ದಾಟಿ, ಪಡಸಾಲೆಯಲ್ಲಿ ನೀರು ಹಬ್ಬಕ್ಕೆ ಹೊರಟವರ ಹಾಗೆ ಸಾಲಾಗಿ ಹೋಗುತ್ತಿತ್ತು. ಇಸ್ತ್ರಿ ಬಟ್ಟೆ ಎಳೆಯುವಷ್ಟರಲ್ಲಿ ಯಜಮಾನರು ಒಂದು ಬಕೆಟು, ಅಮ್ಮಾವ್ರು ಒಂದು ಬಕೆಟು ಹಿಡಿದು ಬಂದರು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಬೀಗದ ಕಾರ್ಖಾನೆಗಳ ಒಡೆಯರು ಮೊಣಕಾಲವರೆಗೆ ಪೈಜಾಮ ಏರಿಸಿ, ಕೂತು ನೀರು ಬಾಚಿದರು, ಒಮ್ಮೆ ಜಾರಿ ಬಿದ್ದರು, ಬಿದ್ದಲ್ಲಿಂದಲೇ ನಕ್ಕರು. ಅಮ್ಮಾವ್ರು ಅವರ ಮೇಲೆ ಒಂದು ಬೊಗಸೆ ನೀರು ಎರಚಿದರು. ಇಸ್ತ್ರಿಯ ಕೈಗೆ ಹೇಗೋ ಒಂದು ಒಣ ಟವೆಲು ಸಿಕ್ಕಿತ್ತು. ಅದನ್ನು ಯಾರ ಮೇಲೆ ಹಾಕುವುದು ಎಂದು ತಿಳಿಯದೆ ಹಿಡಿದುಕೊಂಡೇ ನಿಂತ.

ನಗು ನಿಂತದ್ದು ನೀರು ಪಡಸಾಲೆಯ ತುದಿ ಮುಟ್ಟಿ, ಬೀಗ ಹಾಕಿದ್ದ ಕೋಣೆಯ ಬಾಗಿಲಡಿಗೆ ನುಸುಳಿದಾಗ.

“ಅಯ್ಯೋ, ಕೋಣೆ,” ಅಂದರು ಅಮ್ಮಾವ್ರು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಸ್ತ್ರಿ ಟವೆಲು ಹಿಡಿದುಕೊಂಡೇ ಬಾಗಿಲ ಬಳಿಗೆ ಓಡಿದ. ಅದು ಅವನ ಕೋಣೆ. ಇನ್ನೆರಡು ಗಂಟೆಯಲ್ಲಿ ಅಲ್ಲಿ ಅವನ ಹಾಸಿಗೆ ಬರಬೇಕಿತ್ತು. ಬೇಗ ಬಾಗಿಲು ತೆಗೆಯಿರಿ ಎಂದು ಅವನು ಅಂಗಲಾಚಿದ. ಯಜಮಾನರು ಬೇಡ ಅಂದರು. ನೀರು ಒಳಗೆ ನಿಂತರೆ ಗೋಡೆ ಕೆಡುತ್ತದೆ ಎಂದ. ಕೆಡಲಿ ಅಂದರು. ಕೊನೆಗೆ ಅಮ್ಮಾವ್ರೇ ಸೊಂಟದ ಗೊಂಚಲಿನಿಂದ ಕೀಲಿಕೈ ತೆಗೆದು, ಕಣ್ಣು ಮುಚ್ಚಿಕೊಂಡು ಬೀಗ ತಿರುಗಿಸಿದರು.

ಬಾಗಿಲು ತೆರೆಯಬೇಕಾಗಲಿಲ್ಲ. ಅದೇ ತೆರೆದುಕೊಂಡಿತು. ಮೊದಲು ಹಳೆಯ ಪತ್ರಿಕೆಗಳ ಒಂದು ಗೋಡೆ ಕುಸಿಯಿತು. ಅದರ ಹಿಂದೆ ಒಗೆಯದ ಅಂಗಿಗಳು, ಒಂಟಿ ಕಾಲುಚೀಲಗಳು, ತಳದಲ್ಲಿ ಚಹಾ ಒಣಗಿದ ಲೋಟಗಳು, ಹನ್ನೆರಡೋ ಹದಿಮೂರೋ ಕೊಡೆಗಳು, ಸಿಪ್ಪೆ, ಡಬ್ಬ, ಹಲ್ಲು ಮುರಿದ ಬಾಚಣಿಗೆ, ಒಂದು ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಒಂದು ತಿಂಗಳಿನ ಇಡೀ ಜೀವನ ಪಡಸಾಲೆಯ ನೀರಿನಲ್ಲಿ ತೇಲುತ್ತ ಇಸ್ತ್ರಿಯ ಕಾಲಿಗೆ ಬಂದು ಮುಟ್ಟಿತು.

ಅಮ್ಮಾವ್ರು ಕಣ್ಣು ಬಿಡಲಿಲ್ಲ. “ನಮ್ಮನ್ನ ಹೀಗೆ ನೋಡ್ಬಿಟ್ಯಲ್ಲಪ್ಪ,” ಅಂದರು.

ಹಜಾರದಲ್ಲಿ ಕೂತ ಮೇಲೆ ಯಜಮಾನರು ಎಲ್ಲವನ್ನೂ ಹೇಳಿದರು. ಅವರಿಬ್ಬರೂ ಹುಟ್ಟಾ ಗಲೀಜಿನವರು. ಬಡತನದಲ್ಲಿ ಒಂದೇ ಕೋಣೆಯಿತ್ತು, ಒಂದು ಕೋಣೆಯಷ್ಟು ಗಲೀಜಿತ್ತು. ಸಿರಿ ಬಂತು, ಮನೆ ಬೆಳೆಯಿತು, ಅದರ ಜೊತೆ ಗಲೀಜೂ ಬೆಳೆಯಿತು. ಆಳುಗಳನ್ನು ಇಟ್ಟು ನೋಡಿದರು. ಆಳು ಬಳಿಯುತ್ತಿದ್ದ, ಇವರು ಚೆಲ್ಲುತ್ತಿದ್ದರು. ಬಳಿಯುವವನೊಬ್ಬ ಇದ್ದಾನೆಂದು ಇನ್ನಷ್ಟು ಚೆಲ್ಲುತ್ತಿದ್ದರು. ಬಂದವರೆಲ್ಲ ಬೆನ್ನು ಹಿಡಿದುಕೊಂಡು ಓಡಿಹೋದರು. ಕೊನೆಗೆ ಮದುವೆಯಾಗಿ ದೂರದಲ್ಲಿರುವ ಮಗಳು ಒಂದು ಉಪಾಯ ಹೇಳಿಕೊಟ್ಟಳು: ಕೆಲಸ ಮಾಡಲಿ ಅಂತ ಆಳು ಇಡಬೇಡಿ. ನಿಮಗೆ ನಾಚಿಕೆಯಾಗಲಿ ಅಂತ ಇಡಿ. ಬೆಳಿಗ್ಗೆ ಯಾರೋ ಹೊರಗಿನವರು ಬಂದು ನೋಡುತ್ತಾರೆ ಅಂದರೆ ಎಂಥವರೂ ಎದ್ದು ಮನೆ ಸರಿಮಾಡಿಕೊಳ್ಳುತ್ತಾರೆ.

“ಅದೆಂಥಾ ಉಪಾಯ ಅಂತೀಯ,” ಅಂದರು ಯಜಮಾನರು. “ತಿಂಗಳಲ್ಲಿ ನನ್ನ ಹೊಟ್ಟೆ ಕರಗಿತು, ಇವಳ ಮಂಡಿನೋವು ಹೋಯ್ತು. ದಿನಾ ಏಳಕ್ಕೆ ಬಂದು ಬಾಗಿಲಲ್ಲಿ ನಿಂತು ಸುತ್ತ ಒಂದ್ಸಲ ನೋಡ್ತಿದ್ಯಲ್ಲ, ಆ ನೋಟ. ಒಂದು ಕೂದಲೆಳೆನೂ ಬಿಡದೆ ಹುಡುಕೋ ನೋಟ. ನಿನ್ನ ಸಂಬಳ ಅದಕ್ಕೇ ಕಣಪ್ಪ. ಮಾಡೋಕೆ ಪುರುಸೊತ್ತಿಲ್ದೆ ಉಳಿದಿದ್ದನ್ನೆಲ್ಲ ಆ ಕೋಣೆಗೆ ತುಂಬ್ತಿದ್ವಿ. ಇವತ್ತು ಅದನ್ನ ಖಾಲಿ ಮಾಡಿ ಕೀಲಿಕೈ ನಿನ್ನ ಕೈಗೇ ಕೊಡೋಣ ಅಂತಿದ್ವಿ.”

ಇಲ್ಲಿ ಇಸ್ತ್ರಿ ಸುಮ್ಮನಿರಬೇಕಿತ್ತು. ಆಗಲಿ ಯಜಮಾನ್ರೆ ಅಂದು ಕೈ ಚಾಚಿದ್ದರೆ ಕೀಲಿಕೈ ಅಂಗೈಗೆ ಬೀಳುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ದೊಡ್ಡವರು ಹೇಳಿದ್ದು ಇಂಥವರಿಗಾಗಿಯೇ. ಆದರೆ ಎದುರಿಗೆ ಒಬ್ಬ ಮನುಷ್ಯ ಎದೆ ಬಿಚ್ಚಿ ಕೂತಿರುವಾಗ, ತಾನೂ ಒಂದು ಗುಂಡಿಯನ್ನಾದರೂ ಬಿಚ್ಚದಿರುವುದು ಹೇಗೆ?

ಅವನು ಎಲ್ಲ ಗುಂಡಿಗಳನ್ನೂ ಬಿಚ್ಚಿದ. ಕೆಸರು ತನ್ನದೆಂದ. ಪಾತ್ರೆ ಪಕ್ಕದ ಮನೆಯದೆಂದ. ಬಚ್ಚಲಿಗೆ ಬಟ್ಟೆ ತುರುಕಿದ್ದು ತಾನೆಂದ. ಸಾಲದ್ದಕ್ಕೆ, ತಾನೂ ಮನೆಯಲ್ಲಿ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವವನೇ, ಯಾರೂ ನೋಡದಿದ್ದರೆ ಪರದೆಗೆ ಕೈ ಒರೆಸುವವನೇ, ಆದ್ದರಿಂದ ಯಜಮಾನರು ತನ್ನ ಮುಂದೆ ಕಿಂಚಿತ್ತೂ ಸಂಕೋಚ ಪಡಬೇಕಾಗಿಲ್ಲ ಎಂದು ಧೈರ್ಯವನ್ನೂ ಹೇಳಿದ.

ಆಮೇಲೆ ಯಜಮಾನರ ಹೆಗಲು ನಿಧಾನವಾಗಿ ಸಡಿಲಾಯಿತು. ಬೆನ್ನು ಸೋಫಾಕ್ಕೆ ಒರಗಿತು. ಒದ್ದೆ ಕಾಲೆರಡೂ ಮೇಜಿನ ಮೇಲೆ ಬಂದವು. ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು, ಸುಲಿದು, ಸಿಪ್ಪೆಯನ್ನು ಇಸ್ತ್ರಿಯ ಕಣ್ಣೆದುರಿಗೇ ನೆಲಕ್ಕೆ ಹಾಕಿದರು. ಹಾಕಿ, ವೈದ್ಯರು ನಾಡಿ ನೋಡುವಂತೆ ತಮ್ಮನ್ನೇ ತಾವು ಒಂದು ಕ್ಷಣ ಗಮನಿಸಿಕೊಂಡರು.

“ಏನೂ ಅನ್ನಿಸ್ತಿಲ್ಲ ಕಣೇ,” ಅಂದರು ಹೆಂಡತಿಗೆ.

ಅಮ್ಮಾವ್ರು ಎದ್ದುಹೋಗಿ ಪರದೆಗೆ ಕೈ ಒರೆಸಿ ಬಂದರು. “ನಂಗೂ ಇಲ್ಲ ರೀ.”

ಇಬ್ಬರೂ ಇಸ್ತ್ರಿಯನ್ನು ನೋಡಿದ ನೋಟದಲ್ಲಿ ಪ್ರೀತಿಯಿತ್ತು, ಮರುಕವಿತ್ತು, ಮತ್ತು ವಿದಾಯವಿತ್ತು.

“ನೀನು ಒಳ್ಳೇವನಪ್ಪ,” ಅಂದರು ಅಮ್ಮಾವ್ರು. “ನಮ್ಮವನೇ ಆಗ್ಬಿಟ್ಟೆ. ಅದೇ ತೊಂದರೆ ಆಗಿದ್ದು. ನಾಳೆ ನೀನು ಬರ್ತೀಯ ಅಂದ್ರೆ ನಾವು ಐದಕ್ಕೆ ಏಳ್ತೀವಾ ಹೇಳು?”

ಅಷ್ಟರಲ್ಲಿ ಗೇಟಿನ ಹೊರಗೆ ಕೈಗಾಡಿಯೊಂದು ಗಡಗಡ ಬಂದು ನಿಂತಿತು. ಗಾಡಿಯ ಮೇಲೆ ಹಾಸಿಗೆ ಸುರುಳಿ, ಎರಡು ಟ್ರಂಕು, ಕಾಲು ಮೇಲಾಗಿ ಕಟ್ಟಿದ ಒಂದು ಕುರ್ಚಿ. ತಳ್ಳುತ್ತಿದ್ದ ಹೆಂಡತಿಯ ಅಣ್ಣನ ಮುಖದಲ್ಲಿ, ಸೆರೆಮನೆಯಿಂದ ಬಿಡುಗಡೆಯಾದವನ ಕಳೆ. ಡ್ರೈವರೂ ಅಡುಗೆಯಕ್ಕನೂ ಆಗಲೇ ಗೇಟಿಗೆ ಒರಗಿ ನಿಂತಿದ್ದರು. ಅಡುಗೆಯಕ್ಕನ ಕೈಯಲ್ಲಿ ತಟ್ಟೆಯಿತ್ತು, ಅದರಲ್ಲಿ ಹುರಿದ ಕಡಲೆಕಾಯಿಯಿತ್ತು. “ನಡೀರಿ ಭಾವ, ಎಲ್ಲಿ ಇಳಿಸ್ಲಿ?” ಎಂದು ಅಣ್ಣ ಅಲ್ಲಿಂದಲೇ ಕೇಳಿದ.

ಅವನ ಮುಂದೆ ಇಸ್ತ್ರಿಯ ಹೆಂಡತಿ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಒಳಗೆ ನೆಲ ನೋಡಿದಳು. ಮತ್ತೆ ಚಪ್ಪಲಿ ಮೆಟ್ಟಿಕೊಂಡಳು.

ಕಿಟಕಿಯ ದಂಡೆಯ ಮೇಲೆ ತೋರುಬೆರಳು ಇಟ್ಟು ಈ ತುದಿಯಿಂದ ಆ ತುದಿಗೆ ಎಳೆದಳು. ಬೆರಳನ್ನು ನೋಡಿದಳು. ಆಮೇಲೆ ಯಜಮಾನರನ್ನು ನೋಡಿದಳು.

ಯಜಮಾನರ ಕಾಲು ಮೇಜಿನಿಂದ ತಾನಾಗಿ ಇಳಿಯಿತು. ಅವರು ಬಗ್ಗಿ ಕಿತ್ತಳೆ ಸಿಪ್ಪೆ ಹೆಕ್ಕಿ, ಎಲ್ಲಿಡುವುದೆಂದು ತೋಚದೆ ಜೇಬಿಗೆ ಹಾಕಿಕೊಂಡು, ಎದ್ದು ನೆಟ್ಟಗೆ ನಿಂತರು. ಅಮ್ಮಾವ್ರು ಪರದೆಯ ಕಲೆಯ ಮುಂದೆ ಹೋಗಿ ಬೆನ್ನಿನಿಂದ ಅದನ್ನು ಮುಚ್ಚಿದರು. ಅವರ ಕೆನ್ನೆ ಹತ್ತನೇ ಕ್ಲಾಸಿನ ಹುಡುಗಿಯ ಹಾಗೆ ಕೆಂಪೇರಿತ್ತು.

“ರೀ,” ಅಂದರು ಪಿಸುದನಿಯಲ್ಲಿ, “ನಂಗೆ ತುಂಬಾ ನಾಚಿಕೆಯಾಗ್ತಿದೆ.”

“ನಂಗೂ ಕಣೇ,” ಅಂದರು ಯಜಮಾನರು, ಕಳೆದ ಗಂಟು ಸಿಕ್ಕವರ ಹಾಗೆ.

ಆಮೇಲೆ ನಡೆದದ್ದು ಬಹಳ ಬೇಗ ನಡೆಯಿತು. ಯಜಮಾನರು ಒಂದೇ ಉಸಿರಿಗೆ ಕೋಣೆ ಕೊಡುತ್ತೇವೆ ಅಂದರು. ರಾತ್ರಿಯೊಳಗೆ ತಾವೇ ತೊಳೆದು, ಒಣಗಿಸಿ, ಸುಣ್ಣ ಬಳಿಸಿಕೊಡುತ್ತೇವೆ ಅಂದರು. ಸಂಬಳ ಗಂಡನಿಗೆ ಹೇಳಿದ್ದಕ್ಕಿಂತ ಹೆಚ್ಚು ಅಂದರು. ಗಂಡನೂ ಇರಲಿ, ಬೇಕಾದಷ್ಟು ಟವೆಲು ಎಸೆಯಲಿ ಅಂದರು. ಗಾಡಿಯ ಬಳಿ ಅಣ್ಣ ಆಗಲೇ ಹಗ್ಗ ಬಿಚ್ಚತೊಡಗಿದ್ದ. ಇಸ್ತ್ರಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಎರಡು ಕಿಟಕಿ, ಸ್ವಂತ ನಲ್ಲಿ, ಹಿತ್ತಿಲಿಗೊಂದು ಬಾಗಿಲು. ಬೆಳಗಿನಿಂದ ಮಾಡಿದ ಸಾಹಸವೆಲ್ಲ ಬೆಟ್ಟ ಸುತ್ತಿ ಕೊನೆಗೂ ಮನೆಗೇ ಬಂದಿತ್ತು. ಅವನು ಕಣ್ಣಿನಲ್ಲೇ ಹೆಂಡತಿಯನ್ನು ಬೇಡಿಕೊಂಡ. ಬೇಡಿಕೊಳ್ಳುವ ಭರದಲ್ಲಿ ಕೈಯಲ್ಲಿದ್ದ ಟವೆಲು, ಅಷ್ಟು ಹೊತ್ತಿಗೆ ಚೆನ್ನಾಗಿ ಒದ್ದೆಯಾಗಿದ್ದದ್ದು, ಜಾರಿ ಸೋಫಾದ ಮೇಲೆ ಬಿತ್ತು.

“ಕೆಲಸ ಏನು?” ಅವಳು ಕೇಳಿದಳು.

“ಏನೂ ಇಲ್ಲ ತಾಯಿ,” ಅಂದರು ಯಜಮಾನರು, ಕೈಮುಗಿಯುವುದೊಂದು ಬಾಕಿ. “ಬೆಳಿಗ್ಗೆ ಏಳಕ್ಕೆ ಬಂದು, ಈಗ ನೋಡಿದ್ರಲ್ಲ, ಹಾಗೆ ನಮ್ಮಿಬ್ಬರನ್ನ ಒಂದ್ಸಲ ನೋಡಿದ್ರೆ ಸಾಕು.”

ಅವಳು ನೋಡಿದಳು. ಪಡಸಾಲೆಯಲ್ಲಿ ತೇಲುತ್ತಿದ್ದ ಕಾಲುಚೀಲವನ್ನು ನೋಡಿದಳು, ಯಜಮಾನರ ಜೇಬಿನಿಂದ ಇಣುಕುತ್ತಿದ್ದ ಸಿಪ್ಪೆಯನ್ನು ನೋಡಿದಳು, ಸೋಫಾದ ಮೇಲಿನ ಒದ್ದೆ ಟವೆಲನ್ನು ನೋಡಿದಳು. ಕೊನೆಗೆ ಗಂಡನನ್ನು ನೋಡಿದಳು.

“ಹನ್ನೊಂದು ವರ್ಷದಿಂದ ಇವರೊಬ್ಬರನ್ನ ನೋಡ್ತಿದ್ದೀನಿ,” ಅಂದಳು. “ಒಂದು ಟವೆಲು ಸರಿಹೋಗಿಲ್ಲ. ಇನ್ನಿಬ್ಬರನ್ನ ನೋಡೋದು ನನ್ನ ಕೈಲಾಗಲ್ಲ.”